ಪಕ್ಕದ ಮನೆಯ ಇನ್ಸುಲಿನ್ ನಮಗೆ ಆಗುತ್ತದೆಯೇ?

2021ರ ಮೇ 10ರಿಂದ ಕೋವಿಡ್ ಲಾಕ್‌ಡೌನ್ ಬಿಗಿಯಾದ ಮೇಲೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು. ಔಷಧಿ ಮುಗಿದಿದೆ, ಹೊರಗೆ ಹೋಗಲು ಹೆದರಿಕೆ, ಪರಿಚಯದವರು ತಮ್ಮದನ್ನೇ ಕೊಟ್ಟಿದ್ದಾರೆ, ತೆಗೆದುಕೊಳ್ಳಬಹುದೇ? ಮೊದಲೇ ಕೇಳಿದವರು ಕಡಿಮೆ, ತೆಗೆದುಕೊಂಡು ಏನೋ ಆದ ಮೇಲೆ ಬರೆದವರೇ ಹೆಚ್ಚು. ಆದ್ದರಿಂದ ಈ ಸಲದ ಜಾಗದಲ್ಲಿ ಬಹುಪಾಲನ್ನು ಇದೊಂದಕ್ಕೇ ಕೊಡುತ್ತಿದ್ದೇನೆ. ಉಳಿದವರು ಬೇಸರಪಡಬಾರದು.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬೆಳಿಗ್ಗೆ 20 ಯೂನಿಟ್, ರಾತ್ರಿ 12 ಯೂನಿಟ್ 30/70 ಇನ್ಸುಲಿನ್ ಹಾಕುತ್ತೇವೆ. ಬಾಟಲಿ ಖಾಲಿಯಾಗಿತ್ತು. ಎದುರು ಮನೆಯ ಆಂಟಿಯೂ 30/70 ತೆಗೆದುಕೊಳ್ಳುವವರು. ತಮ್ಮ ಇನ್ಸುಲಿನ್ ಪೆನ್ನಿಗೆ ಹಾಕುವ, ಔಷಧಿ ತುಂಬಿದ ಹೊಸ ಕಾರ್ಟ್ರಿಜ್ ಒಂದನ್ನು ಕೊಟ್ಟರು. ನಮ್ಮಲ್ಲಿ ಪೆನ್ ಇಲ್ಲ. ಮಾಮೂಲಿ ಸಿರಿಂಜಿನಲ್ಲೇ 20ರ ಗೆರೆಯವರೆಗೆ ಎಳೆದು ಹಾಕಿದೆವು. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ನಡುಕ, ಏನೇನೋ ಮಾತು. ನೋಡಿದರೆ ಶುಗರ್ 48. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು. ಆ ಔಷಧಿ ಕೆಟ್ಟಿತ್ತೇ? ಅಥವಾ ಆ ಕಂಪನಿಯದು ಪವರ್ ಜಾಸ್ತಿಯೇ?
— ಓದುಗರು, ದಾವಣಗೆರೆ

ಉತ್ತರ: ಔಷಧಿ ಕೆಟ್ಟಿರಲಿಲ್ಲ, ಕಂಪನಿಯದೂ ತಪ್ಪಿಲ್ಲ. ಅವತ್ತು ನಿಮ್ಮ ತಂದೆಯ ಮೈಗೆ ಹೋದದ್ದು 20 ಯೂನಿಟ್ ಅಲ್ಲ, 50 ಯೂನಿಟ್.

ಲೆಕ್ಕ ನೋಡಿ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಅಷ್ಟೇ ದ್ರವದಲ್ಲಿ 100 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು 40ರ ಬಾಟಲಿಗೆಂದೇ ಹಾಕಿದವು. ಅದರಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಕಾರ್ಟ್ರಿಜ್‌ನಿಂದ ಅರ್ಧ ಮಿಲಿಲೀಟರ್ ಎಳೆದರೆ 50 ಯೂನಿಟ್ ಬರುತ್ತದೆ, ಅಂದರೆ ಎರಡೂವರೆ ಪಟ್ಟು. ಇದರ ತಿರುವುಮುರುವೂ ನಡೆಯುತ್ತದೆ. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 40ರ ಬಾಟಲಿಯಿಂದ 20ರ ಗೆರೆಗೆ ಎಳೆದರೆ ಬರುವುದು ಎಂಟೇ ಯೂನಿಟ್. ಆಗ ಶುಗರ್ ಏರುತ್ತಲೇ ಹೋಗುತ್ತದೆ, ಮನೆಯವರು ಅನ್ನವನ್ನು ದೂರುತ್ತಾರೆ. ಬಾಟಲಿ ಕೇಳಿದವರಿಗೆ ಕೈಗೆ ಸಿಕ್ಕಿದ ಸಿರಿಂಜ್ ಕೊಟ್ಟು ಕಳಿಸುವ ಮೆಡಿಕಲ್ ಶಾಪಿನವರ ಮೇಲೆ ನನಗೆ ಸಿಟ್ಟಿದೆ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿ.

ಸಕ್ಕರೆ ನೀರು ಕುಡಿಸಿದ್ದು ಸರಿ. ಆದರೆ "ಸರಿಹೋದರು" ಎಂದು ಅಲ್ಲಿಗೇ ಬಿಟ್ಟಿದ್ದರೆ ಅದು ಅಪಾಯ. 30/70ರಲ್ಲಿ ಮೂವತ್ತು ಭಾಗ ಬೇಗ ಕೆಲಸ ಮಾಡುವಂಥದ್ದು, ಎಪ್ಪತ್ತು ಭಾಗ ನಿಧಾನದ್ದು. ಆ ನಿಧಾನದ ಪಾಲು ಸಂಜೆಯಾದರೂ ಮುಗಿಯುವುದಿಲ್ಲ. ಹನ್ನೊಂದಕ್ಕೆ ಏರಿದ ಶುಗರ್ ಮೂರಕ್ಕೆ ಮತ್ತೆ ಇಳಿಯಬಹುದು, ಕಿಡ್ನಿ ದುರ್ಬಲವಾಗಿರುವ ಹಿರಿಯರಲ್ಲಿ ರಾತ್ರಿಯೂ ಇಳಿಯಬಹುದು. ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೆ ಅಷ್ಟೇ ಕೊಡಿ. ಏರಿದ ಮೇಲೆ ಇಡ್ಲಿಯೋ ಮೊಸರನ್ನವೋ ಹೊಟ್ಟೆಗೆ ಬೀಳಬೇಕು. ಡೋಸ್ ಹೆಚ್ಚಾಗಿದೆ ಎಂದು ಗೊತ್ತಾದ ದಿನ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ನೋಡುತ್ತಿರಿ. ರಾತ್ರಿಯ ಡೋಸ್ ಹಾಕುವ ಮೊದಲು ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಇನ್ನು, ಪೆನ್ನನ್ನೇ ಎರವಲು ಕೊಟ್ಟವರೂ ಬರೆದಿದ್ದಾರೆ. "ಸೂಜಿ ಹೊಸದು ಹಾಕಿದೆವಲ್ಲ" ಎಂಬ ಸಮಾಧಾನ ಬೇರೆ. ಚುಚ್ಚಿದಾಗ ರಕ್ತದ ಕಣಗಳು ಹಿಂದಕ್ಕೆ ಕಾರ್ಟ್ರಿಜ್‌ನೊಳಗೆ ಸೇರಬಹುದು, ಕಣ್ಣಿಗೆ ಕಾಣುವುದಿಲ್ಲ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ದಾಟಲು ಅಷ್ಟು ಸಾಕು. ಗಂಡ ಹೆಂಡತಿಯ ನಡುವೆಯೂ ಪೆನ್ ಬೇರೆ ಬೇರೆ. ಬೆರಳು ಚುಚ್ಚುವ ಸಾಧನಕ್ಕೂ ಇದೇ ಮಾತು.

ಮಾತ್ರೆಯದು ಇನ್ನೊಂದು ಕಥೆ. "ಎರಡೂ ಶುಗರಿನ ಮಾತ್ರೆಯೇ ತಾನೆ" ಎನ್ನುತ್ತಾರೆ. ಮೆಟ್‌ಫಾರ್ಮಿನ್ ಒಂದೇ ನುಂಗುತ್ತಿದ್ದ ಅಜ್ಜಿಗೆ, ಮೈಯಲ್ಲಿ ಇನ್ಸುಲಿನ್ ಹೆಚ್ಚು ಹೊರಡಿಸುವ ಗ್ಲಿಮೆಪಿರೈಡ್ ಕೊಟ್ಟು, ಅವರು ಜ್ವರದಲ್ಲಿ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಶುಗರನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯನ್ನು ಜ್ವರ, ವಾಂತಿ, ನಿತ್ರಾಣದ ದಿನಗಳಲ್ಲಿ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಶುಗರ್ ಅಷ್ಟೇನೂ ಏರದೆಯೂ ರಕ್ತದಲ್ಲಿ ಆಮ್ಲ ತುಂಬಿಕೊಳ್ಳಬಹುದು. ಕೋವಿಡ್ ಬಂದ ಮನೆಯಲ್ಲಿ ಇದನ್ನು ತಿಳಿಯದೆ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವುದು ಉಪಕಾರವಲ್ಲ.

ಹಾಗೆಂದು ಎದುರು ಮನೆಯ ಆಂಟಿಯನ್ನು ದೂರಬೇಡಿ. ಅಂಥ ದಿನಗಳಲ್ಲಿ ತಮ್ಮ ಔಷಧಿಯನ್ನೇ ಕೊಟ್ಟವರ ಮನಸ್ಸು ದೊಡ್ಡದು, ಅಂಥವರು ಬೀದಿಗೆ ಒಬ್ಬರಾದರೂ ಬೇಕು. ಆದರೆ ಕೊಡಬೇಕಾದದ್ದು ಬೇರೆ. ಲಾಕ್‌ಡೌನ್‌ನಲ್ಲೂ ಮೆಡಿಕಲ್ ಶಾಪ್ ತೆರೆದಿತ್ತು, ಜನೌಷಧಿ ಕೇಂದ್ರವೂ ತೆರೆದಿತ್ತು. ಗಟ್ಟಿಮುಟ್ಟಾದ ಒಬ್ಬರು ಬೀದಿಯ ಎಲ್ಲರ ಚೀಟಿ ಹಿಡಿದು ಹೋಗಿಬರಲಿ. ಬಾಟಲಿ ಮುಗಿಯುವ ವಾರ ಮೊದಲೇ ಅದರ ಲೇಬಲ್ಲಿನ ಫೋಟೊ ಅವರಿಗೆ ಕಳಿಸಿ. ಹೆಸರು, 30/70 ಅಥವಾ 50/50 ಎಂಬ ಪ್ರಮಾಣ, 40 ಅಥವಾ 100 ಎಂಬ ಸಂಖ್ಯೆ, ಮೂರೂ ಕಾಣಬೇಕು. ಚೀಟಿ ಹಳೆಯದಾಗಿದ್ದರೆ ವೈದ್ಯರಿಗೆ ಕರೆ ಮಾಡಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವಿಡಿಯೋ ಕರೆಯಲ್ಲಿ ನೋಡಿ ಔಷಧಿ ಬರೆದುಕೊಡಲು ಅವಕಾಶವಿದೆ. ದುಡ್ಡಿನ ತೊಂದರೆ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಲು ಸಂಕೋಚ ಬೇಡ.

ಎಲ್ಲಕ್ಕಿಂತ ನನಗೆ ಚಿಂತೆಯಿರುವುದು ಕೋವಿಡ್ ಎಂದು ಒಂದು ಕೋಣೆಯಲ್ಲಿ ಒಬ್ಬರೇ ಮಲಗಿರುವ, ಇನ್ಸುಲಿನ್ ಹಾಕಿಕೊಳ್ಳುವವರ ಬಗ್ಗೆ. ರಾತ್ರಿ ಶುಗರ್ ಇಳಿದರೆ ನೋಡುವವರಿಲ್ಲ. ಒಳಗಿನಿಂದ ಚಿಲಕ ಹಾಕಬೇಡಿ. ಮಂಚದ ಪಕ್ಕ ಸಕ್ಕರೆ ಡಬ್ಬಿ, ನೀರು, ಗ್ಲೂಕೋಮೀಟರ್, ಅದಕ್ಕೆ ಹೊಂದುವ ಕಂಪನಿಯ ಸ್ಟ್ರಿಪ್ ಇರಲಿ. ನೆರೆಯವರು ಮಲಗುವ ಮುಂಚೆ ಒಮ್ಮೆ, ಬೆಳಗಾದ ಕೂಡಲೇ ಒಮ್ಮೆ ಫೋನ್ ಮಾಡಿ ಶುಗರ್ ಎಷ್ಟು, ಊಟ ಸೇರಿತೇ ಎಂದು ಕೇಳಲಿ. ಫೋನ್ ಎತ್ತದಿದ್ದರೆ ಮಾಸ್ಕ್ ಹಾಕಿಕೊಂಡು ಹೋಗಿ ಬಾಗಿಲು ತಟ್ಟಬೇಕು. ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ ಪೂರ್ತಿ ಬಿಡುವುದೂ ತಪ್ಪು. ಎಷ್ಟು ಕಡಿಮೆ ಮಾಡಬೇಕೆಂದು ವೈದ್ಯರು ಹೇಳುತ್ತಾರೆ. ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಮಕ್ಕಳಲ್ಲಂತೂ ಬಿಡುವ ಮಾತೇ ಇಲ್ಲ.

ಪ್ರಶ್ನೆ: ಕೋವಿಡ್ ಆಗಿ ಆಸ್ಪತ್ರೆಯಿಂದ ಬಂದಿದ್ದೇನೆ. ಸ್ಟೀರಾಯ್ಡ್ ಮಾತ್ರೆ ಇನ್ನೂ ನಡೆದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118 ಇದೆ. ಸಾಕಲ್ಲವೇ? (ಹುಬ್ಬಳ್ಳಿ)

ಉತ್ತರ: ಸಾಲದು. ಬೆಳಿಗ್ಗೆ ನುಂಗಿದ ಸ್ಟೀರಾಯ್ಡ್ ಶುಗರನ್ನು ಏರಿಸುವುದು ಮಧ್ಯಾಹ್ನದ ಮೇಲೆ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ಮತ್ತೆ ರಾತ್ರಿ ಊಟಕ್ಕೆ ಮೊದಲು ನೋಡಿ. 118 ಇದ್ದವರಲ್ಲೇ 300 ದಾಟಿದ್ದು ಕಂಡಿದ್ದೇನೆ. ಕಪ್ಪು ಶಿಲೀಂಧ್ರ ಎಂಬ ಸೋಂಕು ಹಿಡಿಯುವುದು ಹೆಚ್ಚಾಗಿ ಇಂಥ ಏರಿಕೆಯಲ್ಲಿ. ಒಂದೇ ಬದಿಯ ಮುಖ ನೋವು, ಮೂಗು ಕಟ್ಟಿ ಕಪ್ಪು ಸಿಂಬಳ, ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಹಲ್ಲು ಅಲ್ಲಾಡುವುದು, ಇದರಲ್ಲಿ ಯಾವುದೇ ಒಂದು ಕಂಡರೂ ಅವತ್ತೇ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಆಕ್ಸಿಜನ್ ಬೇಕಾದವರಿಗೆ ಸ್ಟೀರಾಯ್ಡ್ ಜೀವ ಉಳಿಸಿದೆ. ಆದರೆ ಜ್ವರ ಬಂದ ಮೊದಲ ದಿನವೇ ವಾಟ್ಸಾಪ್‌ನಲ್ಲಿ ಬಂದ ಪಟ್ಟಿ ನೋಡಿ ನುಂಗಿದವರು, ಆ ಪಟ್ಟಿ ಹಂಚಿದವರು ಮಾಡಿದ್ದು ದೊಡ್ಡ ಅನಾಹುತ. ಸ್ಟೀರಾಯ್ಡ್ ನಿಲ್ಲಿಸುವುದನ್ನೂ ನೀವಾಗಿ ಮಾಡಬೇಡಿ.

ಪ್ರಶ್ನೆ: ಕಷಾಯಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಶುಗರ್ ಏರುವುದಿಲ್ಲವಂತೆ?

ಉತ್ತರ: ಏರುತ್ತದೆ. ಜೇನುತುಪ್ಪ ಹಾಕಿದರೂ ಏರುತ್ತದೆ.

ಪ್ರಶ್ನೆ: ನಾಟಿ ವೈದ್ಯರೊಬ್ಬರು ಪುಡಿ ಕೊಟ್ಟು, ಮೂರು ತಿಂಗಳಲ್ಲಿ ಮಗಳ ಇನ್ಸುಲಿನ್ ನಿಲ್ಲಿಸಬಹುದು ಎಂದಿದ್ದಾರೆ. ಮಗಳಿಗೆ ಟೈಪ್ 1, ವಯಸ್ಸು 11.

ಉತ್ತರ: ಆ ಪುಡಿಯನ್ನು ಇವತ್ತೇ ಎಸೆಯಿರಿ. ಈ ಮಗುವಿನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಇಂಥ ಮಾತು ಹೇಳುವವನು ವೈದ್ಯನಲ್ಲ.

ಪ್ರಶ್ನೆ: ಮನೆಯಲ್ಲಿ ಫ್ರಿಜ್ ಇಲ್ಲ. ಇನ್ಸುಲಿನ್ ಎಲ್ಲಿಡುವುದು?

ಉತ್ತರ: ತೆರೆದ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ನೀರಿರುವ ಮಣ್ಣಿನ ಮಡಕೆಯಲ್ಲಿ ತೇಲಿಬಿಡಿ. ನಾಲ್ಕು ವಾರದ ಮೇಲೆ ಅದನ್ನು ಬಳಸಬೇಡಿ. ತೆರೆಯದ ಬಾಟಲಿಯನ್ನು ಹೆಸರು ಬರೆದು ನೆರೆಮನೆಯ ಫ್ರಿಜ್‌ನಲ್ಲಿಡಬಹುದು, ಆದರೆ ಐಸ್ ಕಟ್ಟುವ ಖಾನೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಪ್ರಶ್ನೆ: ಶುಗರ್ 200ರ ಮೇಲಿದೆ. ಕೋವಿಡ್ ಲಸಿಕೆ ಹಾಕಿಸಬಹುದೇ?

ಉತ್ತರ: ಹಾಕಿಸಿ. ಶುಗರ್ ಇಳಿಯಲೆಂದು ಕಾಯುತ್ತ ಕೂರಬೇಡಿ. ತಿಂಡಿ ತಿಂದು, ಎಂದಿನ ಔಷಧಿ ತೆಗೆದುಕೊಂಡೇ ಹೋಗಿ.