ಅಜ್ಜಿಯ ಇಳಕಲ್ ಸೀರೆಗೆ ಕತ್ತರಿ ಹಾಕಬಹುದೇ?

ಪ್ರಶ್ನೆ: ನಮ್ಮ ಅಜ್ಜಿ ಉಡುತ್ತಿದ್ದ ನಾಲ್ಕು ಇಳಕಲ್ ಸೀರೆಗಳು ಪೆಟ್ಟಿಗೆಯಲ್ಲಿವೆ. ಒಂದರ ಸೆರಗಿನಲ್ಲಿ ಅವರೇ ಹಾಕಿದ ಕಸೂತಿಯಿದೆ. ಎಲ್ಲವೂ ಅಲ್ಲಲ್ಲಿ ಹರಿದಿವೆ. ಇವುಗಳಿಂದ ಕೌದಿ ಹೊಲಿಸಿ ಮೊಮ್ಮಕ್ಕಳು ಮೂವರೂ ಹಂಚಿಕೊಳ್ಳೋಣವೆಂಬುದು ನನ್ನ ಆಸೆ. ಕತ್ತರಿ ಹಾಕುವುದು ಅಜ್ಜಿಗೆ ಮಾಡುವ ಅವಮಾನ ಎಂಬುದು ತಂಗಿಯ ಮಾತು. ಏನು ಮಾಡಲಿ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಕಸೂತಿಯ ಸೀರೆಯ ಮಟ್ಟಿಗೆ ನಿಮ್ಮ ತಂಗಿಯ ಮಾತು ಸರಿ. ಕಸೂತಿಯನ್ನು ನಕ್ಷೆ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ ಹೊಲಿಯುವುದರಿಂದ, ಗೋಪುರ, ತೇರು, ತುಳಸಿಕಟ್ಟೆಗಳ ನಡುವೆ ಕತ್ತರಿ ಆಡಿದರೆ ದಾರ ಬಿಚ್ಚಿಕೊಳ್ಳುತ್ತದೆ. ಅಜ್ಜಿಯ ಎಣಿಕೆಯೂ ಅಲ್ಲಿಗೇ ತುಂಡಾಗುತ್ತದೆ. ಅದನ್ನು ಇಡಿಯಾಗಿ ಉಳಿಸಿ, ಒಗೆದ ಬಿಳಿ ಹತ್ತಿಬಟ್ಟೆಯೊಡನೆ ಸುರುಳಿ ಸುತ್ತಿಡಿ. ಮಡಿಸಿಟ್ಟರೆ ಹಳೆಯ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಉಳಿದ ಮೂರರ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಉಟ್ಟು ಸವೆದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ನಿಮ್ಮ ಸೀಮೆಯ ಹೆಂಗಸರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕೆಲಸ. ಒಗೆದೊಗೆದು ಮೆತ್ತಗಾದ ಬಟ್ಟೆಯನ್ನೇ ಅವರು ಎಳೆಗೂಸಿಗೆ ಹಾಸಿದರು, ಹೊದಿಸಿದರು. ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳದ ಕಡೆ ಹೊಲಿಯುವ ಕವಂದಿ ಎಂಬ ಕೌದಿಯನ್ನೂ ನೋಡಿ. ಅಂಚಿನಿಂದ ತುಂಡು ಜೋಡಿಸುತ್ತ ಅವರು ನಡುವಿಗೆ ಬಂದು ಮುಗಿಸುತ್ತಾರೆ, ಮತ್ತು ಮೂಲೆಗಳಲ್ಲಿ ಬಟ್ಟೆ ಮಡಿಸಿ ಮಾಡಿದ ‘ಫೂಲ’, ಅಂದರೆ ಹೂವು, ಇಲ್ಲದ ಕವಂದಿಯನ್ನು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಅಲ್ಲಿಯೂ ಬಳಸುವುದು ಮನೆಯವರು ತೊಟ್ಟು ಬಿಟ್ಟ ಬಟ್ಟೆಯನ್ನೇ. ಇದನ್ನು ಕಲೆಯೆಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇಳಕಲ್ ಸೀರೆಯ ಒಡಲು ಹತ್ತಿಯದಾದರೆ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಸೆರಗು ರೇಷ್ಮೆಯದು. ಎರಡೂ ಒಂದೇ ರೀತಿ ಕುಗ್ಗುವುದಿಲ್ಲವಾದ್ದರಿಂದ ಕೌದಿಯ ಮೈಗೆ ಒಡಲನ್ನಷ್ಟೇ ಬಳಸಿ, ಸೆರಗುಗಳನ್ನು ಬೇರೆ ಇಡಿ. ಸೆರಗು ಬಿಡಿಸುವಾಗ ಕೊಂಡಿಯ ಮೇಲೆ ಕತ್ತರಿ ಬೀಳದಂತೆ, ಒಡಲಿನ ಕಡೆ ಎರಡು ಬೆರಳಷ್ಟು ಬಟ್ಟೆ ಬಿಟ್ಟು ಕತ್ತರಿಸಿ. ಬಣ್ಣ ಬಿಡುತ್ತದೆಯೇ ಎಂದು ಒದ್ದೆಯಾದ ಬಿಳಿ ಬಟ್ಟೆ ಒತ್ತಿ ಮೊದಲೇ ನೋಡಿಕೊಳ್ಳಿ.

ಒಂದೇ ದೊಡ್ಡ ಕೌದಿಯ ಬದಲು ಮೂರು ಸಣ್ಣವನ್ನು ಮಾಡಿ, ಪ್ರತಿಯೊಂದರಲ್ಲೂ ಮೂರೂ ಸೀರೆಗಳ ತುಂಡುಗಳಿರಲಿ. ಹೊಲಿಯಲು ಹೊರಗೆ ಕೊಡಬೇಡಿ; ತಂಗಿಯನ್ನೂ ಕರೆದು ಕೂರಿಸಿಕೊಳ್ಳಿ. ಯಾವ ಸೀರೆಯನ್ನು ಅಜ್ಜಿ ಯಾವಾಗ ಉಟ್ಟಿದ್ದರೆಂಬುದು ನಿಮಗಿಬ್ಬರಿಗೆ ನೆನಪಿರುವಷ್ಟನ್ನು, ಅವರ ಹೆಸರಿನೊಡನೆ, ಕೌದಿಯ ಹಿಂಬದಿಯ ಬಿಳಿ ಪಟ್ಟಿಯೊಂದರ ಮೇಲೆ ದಾರದಲ್ಲೇ ಬರೆಯಿರಿ.