ಬೇಳೆ ತಿನ್ನದ ಬ್ಯಾಕ್ಟೀರಿಯಾಕ್ಕೆ ಅಮೈನೋ ಆಮ್ಲ ಎಲ್ಲಿಂದ ಬರುತ್ತದೆ?

ನಾವಾದರೆ ಬೇಳೆ, ಮೊಟ್ಟೆ ತಿನ್ನಬೇಕು, ಬ್ಯಾಕ್ಟೀರಿಯಾ ಬರೀ ಸಕ್ಕರೆ ನೀರಿನಲ್ಲಿ ಹೇಗೆ ಬೆಳೆಯುತ್ತವೆ ಅಂತ ಕೇಳಿದ್ದೀರಿ. ಬರೀ ಸಕ್ಕರೆ ಸಾಲದು, ಸಾರಜನಕವೂ ಬೇಕು. ಅವೆರಡು ಸಿಕ್ಕರೆ, ಜೊತೆಗೆ ಒಂದಿಷ್ಟು ಲವಣ ಇದ್ದರೆ, ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ 20 ಅಮೈನೋ ಆಮ್ಲಗಳನ್ನೂ ತಾನೇ ಮಾಡಿಕೊಳ್ಳುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳಿಗೂ ಇದು ಬರುವುದಿಲ್ಲ. ಮೊಸರು ಮಾಡುವಂಥವು ಹಾಲಿನ ಪ್ರೋಟೀನನ್ನೇ ಒಡೆದು ತಿನ್ನುತ್ತವೆ.

ನಾನು ಜಮಖಂಡಿಯಲ್ಲಿ ಡಿಗ್ರಿ ಮಕ್ಕಳಿಗೆ ಮೈಕ್ರೋಬಯಾಲಜಿ ಹೇಳಿಕೊಡುತ್ತೇನೆ. ಲ್ಯಾಬಿನಲ್ಲಿ ನೀರಿಗೆ ಗ್ಲೂಕೋಸ್, ಅಮೋನಿಯಂ ಕ್ಲೋರೈಡ್, ಫಾಸ್ಫೇಟ್, ಚೂರು ಮೆಗ್ನೀಸಿಯಂ ಸಲ್ಫೇಟ್ ಹಾಕಿ, ಸಂಜೆ ಇ. ಕೋಲಿ ಬಿಟ್ಟು 37 ಡಿಗ್ರಿಯಲ್ಲಿ ಇಡುತ್ತೇವೆ. ತಿಳಿಯಾಗಿದ್ದ ಫ್ಲಾಸ್ಕ್ ಮರುದಿನ ಗಂಜಿ ತಿಳಿಯ ಹಾಗೆ ಮಬ್ಬಾಗಿರುತ್ತದೆ. ಸಲ್ಫೇಟ್ ಸುಮ್ನೆ ಹಾಕಿದ್ದಲ್ಲ. ಸಿಸ್ಟೀನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳಿಗೆ ಬೇಕಾದ ಗಂಧಕ ಅದರಿಂದಲೇ ಬರಬೇಕು.

ಇಂಗಾಲ ಸಕ್ಕರೆಯದು. ಸಕ್ಕರೆ ಒಡೆಯುವಾಗ ನಡುವೆ ಪೈರುವೇಟ್, ಆಕ್ಸಲೋಅಸಿಟೇಟ್, ಆಲ್ಫಾ ಕೀಟೋಗ್ಲುಟರೇಟ್ ಸಿಗುತ್ತವೆ, ಅವುಗಳಲ್ಲಿ ಒಂದಷ್ಟನ್ನು ಜೀವಕೋಶ ಅಮೈನೋ ಆಮ್ಲ ಕಟ್ಟಲು ಎತ್ತಿಟ್ಟುಕೊಳ್ಳುತ್ತದೆ. ಸಾರಜನಕದ ದಾರಿ ನನಗೆ ಇನ್ನೂ ಇಷ್ಟ. ಅಮೋನಿಯಾ ಮೊದಲು ಸೇರುವುದು ಗ್ಲುಟಮೇಟ್, ಗ್ಲುಟಮಿನ್ ಎಂಬ ಎರಡು ಅಮೈನೋ ಆಮ್ಲಗಳಿಗೆ. ಉಳಿದವು ಹೆಚ್ಚಾಗಿ ಅವುಗಳಿಂದಲೇ ಇಸಿದುಕೊಳ್ಳುತ್ತವೆ. ಗ್ಲುಟಮೇಟ್ ತನ್ನ ಅಮೈನೋ ಗುಂಪನ್ನು ಪೈರುವೇಟ್‌ಗೆ ಕೊಟ್ಟರೆ ಅಲನಿನ್ ರೆಡಿ, ಒಂದೇ ಹೆಜ್ಜೆ. ಕೊಟ್ಟ ಗ್ಲುಟಮೇಟ್ ಮತ್ತೆ ಆಲ್ಫಾ ಕೀಟೋಗ್ಲುಟರೇಟ್ ಆಗಿ ಇನ್ನೊಂದು ಅಮೋನಿಯಾ ಹಿಡಿಯುತ್ತದೆ. ಟ್ರಿಪ್ಟೋಫಾನ್, ಹಿಸ್ಟಿಡಿನ್ ದಾರಿ ಮಾತ್ರ ಬಹಳ ಉದ್ದ, ಶಕ್ತಿಯೂ ಜಾಸ್ತಿ ಬೇಕು.

ಅದಕ್ಕೇ ಇ. ಕೋಲಿ ಬೇಕಾದಷ್ಟೇ ಮಾಡುತ್ತದೆ. ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಸಾಕಷ್ಟಾದರೆ, ತನ್ನನ್ನು ತಯಾರಿಸುವ ದಾರಿಯ ಮೊದಲ ಕಿಣ್ವಕ್ಕೇ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಲೈಸಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಕಾರ್ಖಾನೆಯವರಿಗೆ ಈ ಶಿಸ್ತು ಬೇಡ. ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಈ ತಡೆ ಕೆಟ್ಟಿರುವ ತಳಿಗಳನ್ನೇ ಹುಡುಕಿ ಬೆಳೆಸುತ್ತಾರೆ. ನಮ್ಮ ಕಡೆ ಸಕ್ಕರೆ ಕಾರ್ಖಾನೆಯಿಂದ ಬರುತ್ತಲ್ವಾ ಕಾಕಂಬಿ, ಅಂಥದ್ದು ಅವಕ್ಕೆ ಒಳ್ಳೆ ಊಟ.

ಮನೆಯಲ್ಲಿ ಎಮ್ಮೆ ಇದ್ದರೆ ಇದೇ ಕೆಲಸ ನಿಮ್ಮ ಹಟ್ಟಿಯಲ್ಲೂ ನಡೆದಿದೆ. ಜೋಳದ ಕಣಿಕೆಯಲ್ಲಿ ಪ್ರೋಟೀನ್ ಕಡಿಮೆ. ಆದರೆ ಎಮ್ಮೆಯ ಮೊದಲ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾ ಹಿಡಿದು ಅಮೈನೋ ಆಮ್ಲ ಮಾಡಿಕೊಂಡು ಬೆಳೆಯುತ್ತವೆ. ಮುಂದೆ ಎಮ್ಮೆ ಆ ಬ್ಯಾಕ್ಟೀರಿಯಾಗಳನ್ನೇ ಅರಗಿಸಿಕೊಳ್ಳುತ್ತದೆ. ಕಣಿಕೆಗೆ ಯೂರಿಯಾ ಬೆರೆಸುವುದೂ ಇದಕ್ಕೇ, ಅದು ಹೊಟ್ಟೆಯಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಹಾಗಂತ ಅಂದಾಜಿನ ಮೇಲೆ ಹಾಕಬೇಡಿ. ಪ್ರಮಾಣ ಮೀರಿದರೆ ಅಮೋನಿಯಾ ರಕ್ತಕ್ಕೆ ಏರಿ ದನ ಸಾಯುತ್ತದೆ, ಪಶುವೈದ್ಯರನ್ನು ಕೇಳಿಯೇ ಕೊಡಿ.