ಫ್ರೆಂಚ್-ಝೆಕ್ ತಾಂತ್ರಿಕ ಕೆಲಸಕ್ಕೆ ದುಭಾಷಿ ಎಲ್ಲಿ ಸಿಗುತ್ತಾರೆ?

ಫ್ರೆಂಚ್ ಎಂಜಿನಿಯರ್‌ಗಳು ಝೆಕ್ ಕಾರ್ಖಾನೆಗೆ ಬಂದು ಯಂತ್ರ ಕೂರಿಸುವಾಗ ಜೊತೆಗಿರಲು ದುಭಾಷಿ ಬೇಕು ಅಂತ ಕೇಳಿದ್ದೀರಿ.

ಮೊದಲು ಝೆಕ್ ದುಭಾಷಿಗಳ ಮತ್ತು ಅನುವಾದಕರ ಸಂಘವಾದ ಜೆಟಿಪಿಯ ಸದಸ್ಯರ ಪಟ್ಟಿ ನೋಡಿ. ಇದು 1990ರಿಂದ ಇದೆ. ಫ್ರಾನ್ಸ್ ಕಡೆಯಿಂದ ಹುಡುಕುವುದಾದರೆ ಅಲ್ಲಿನ ಅನುವಾದಕರ ಸಂಘವಾದ ಎಸ್‌ಎಫ್‌ಟಿ ಇದೆ. ಝೆಕ್ ನ್ಯಾಯ ಸಚಿವಾಲಯದ ಪಟ್ಟಿಯಲ್ಲೂ ದುಭಾಷಿಗಳ ಹೆಸರು ಸಿಗುತ್ತದೆ, ಆದರೆ ಅದು ಕೋರ್ಟು, ನೋಟರಿ ಕೆಲಸಕ್ಕೆ. ಆ ಪಟ್ಟಿಯಲ್ಲಿರುವವರಿಗೆ ಸಿಗುವ ಅಧಿಕೃತ ಮೊಹರು ಇದ್ದ ಮಾತ್ರಕ್ಕೆ ಹೈಡ್ರಾಲಿಕ್ಸ್ ಗೊತ್ತಿರಬೇಕು ಅಂತೇನಿಲ್ಲ.

ಹೆಸರು ಸಿಕ್ಕಮೇಲೆ ಪರೀಕ್ಷೆ ಮಾಡಲೇಬೇಕು. ನಿಮ್ಮ ಯಂತ್ರದ ಕೈಪಿಡಿಯ ಎರಡು ಪುಟ ಕಳಿಸಿ. ಮಾರನೇ ದಿನ ವಿಡಿಯೋ ಕರೆಯಲ್ಲಿ ನಿಮ್ಮ ಎಂಜಿನಿಯರ್ ಮಾಮೂಲಿ ವೇಗದಲ್ಲೇ ಮಾತಾಡಲಿ: "ಎಂಟೂ ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ, ಮೊದಲು 40, ಆಮೇಲೆ 85 ನ್ಯೂಟನ್ ಮೀಟರ್." ಅಂಕಿ, ಅಳತೆ, ಕ್ರಮ ಮೂರೂ ಸರಿಯಾಗಿ ದಾಟಿದವಾ ಅಂತ ಎರಡೂ ಭಾಷೆ ಬಲ್ಲವರೊಬ್ಬರು ಕೇಳಿಸಿಕೊಳ್ಳಲಿ. ಒಳ್ಳೆಯ ದುಭಾಷಿ ನಕ್ಷೆ, ಬಿಡಿಭಾಗಗಳ ಪಟ್ಟಿ ಎಲ್ಲ ತಾನೇ ಕೇಳುತ್ತಾರೆ. "ಏನೂ ಬೇಡ, ನೋಡ್ಕೋತೀನಿ" ಅನ್ನುವವರನ್ನು ನಾನಂತೂ ಕರೆಸುವುದಿಲ್ಲ.

ಗದ್ದಲ ಜಾಸ್ತಿ ಇರುವ ಕಡೆ ಮೈಕ್ ಮತ್ತು ಇಯರ್‌ಫೋನ್ ಇರುವ ವೈರ್‌ಲೆಸ್ ಸೆಟ್ ಬಾಡಿಗೆಗೆ ತರಿಸಿ. ಇಡೀ ದಿನದ ತರಬೇತಿಯಾದರೆ ಇಬ್ಬರು ಬೇಕು. ಏಕಕಾಲದ ಅನುವಾದದಲ್ಲಿ (ಎದುರಿನವರು ಮಾತಾಡುತ್ತಿರುವಾಗಲೇ ಅನುವಾದಿಸಿ ಹೇಳುವುದು) ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುವುದು ರೂಢಿ. ಒಬ್ಬರ ಮೇಲೇ ಹೊರಿಸಿದರೆ ಮಧ್ಯಾಹ್ನದ ಹೊತ್ತಿಗೆ ತಪ್ಪು ಶುರುವಾಗುತ್ತದೆ.